ಪೆಟ್ಟು ತಿಂದವಳೇ ಫೈಲ್ ಹೊತ್ತು ತಿರುಗಬೇಕಾ?

ಸಿಟ್ಟು ಇಳಿಯುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಚಿಕ್ಕಮ್ಮನ ಮಗಳ ಮೊಣಕೈಯನ್ನು ಅವಳ ಗಂಡ ದೊಣ್ಣೆಯಿಂದ ಹೊಡೆದು ಮುರಿದ. ಕೇಸ್ ಆಯಿತು. ಅವನು ಜಾಮೀನು ತಗೊಂಡು ಆರಾಮಾಗಿ ಓಡಾಡುತ್ತಿದ್ದಾನೆ. ಇವಳು ಕಟ್ಟು ಹಾಕಿದ ಕೈ ಇಟ್ಟುಕೊಂಡು ಆಫೀಸಿಂದ ಆಫೀಸಿಗೆ ಅಲೆಯುತ್ತಿದ್ದಾಳೆ. ಜೊತೆಗೆ ನಾನು.

ಆಸ್ಪತ್ರೆಯಲ್ಲಿ ವೂಂಡ್ ಸರ್ಟಿಫಿಕೇಟ್, ಅಂದರೆ ಗಾಯ ಎಂಥದ್ದು ಅಂತ ಡಾಕ್ಟರ್ ಬರೆದು ಕೊಡುವ ಪತ್ರ, ಕೇಳಿದರೆ, ‘ಅದನ್ನ ಪೊಲೀಸ್ರಿಗೆ ಮಾತ್ರ ಕೊಡೋದು’ ಅಂತಾರೆ. ಸ್ಟೇಷನ್‌ಗೆ ಹೋದರೆ, ‘ಆಸ್ಪತ್ರೆಯಿಂದ ಇನ್ನೂ ಬಂದಿಲ್ಲಮ್ಮ, ಸಾಹೇಬ್ರು ಬಂದೋಬಸ್ತ್‌ಗೆ ಹೋಗಿದ್ದಾರೆ’. ಪರಿಹಾರದ ಅರ್ಜಿ ಕೊಡೋಣ ಅಂತ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದರೆ ಮೊದಲ ಪ್ರಶ್ನೆಯೇ, ‘ವೂಂಡ್ ಸರ್ಟಿಫಿಕೇಟ್ ಎಲ್ಲಿ?’

ಹೋದಲ್ಲೆಲ್ಲ ಕಥೆ ಮೊದಲಿಂದ ಹೇಳಬೇಕು. ಒಂದು ಕಡೆ ಕೌಂಟರಿನಲ್ಲೇ ನಿಲ್ಲಿಸಿ ಕೇಳಿದರು, ‘ಯಾಕೆ ಹೊಡೆದ? ನೀವೇನು ಅಂದ್ರಿ?’ ಹಿಂದೆ ಕ್ಯೂನಲ್ಲಿದ್ದವರೆಲ್ಲ ಕಿವಿಗೊಟ್ಟು ನಿಂತಿದ್ದರು. ಅವಳ ದನಿ ಸಣ್ಣದಾಯಿತು. ‘ಜೋರಾಗಿ ಹೇಳಮ್ಮ’ ಅಂದರು.

ಕಾನೂನು ಇಲ್ಲವೇ? ಧಾರಾಳವಾಗಿದೆ. ಕರ್ನಾಟಕದ ಸಂತ್ರಸ್ತರ ಪರಿಹಾರ ಯೋಜನೆಯೇ 2011ರದ್ದು. ಅರ್ಜಿ ಬಂದ ಮೇಲೆ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು ಅಂತ ಸಿಆರ್‌ಪಿಸಿ ಬದಲಿಗೆ ಬಂದ ಹೊಸ ಕಾನೂನು ಬಿಎನ್‌ಎಸ್‌ಎಸ್‌ನ 396ನೇ ಕಲಂ ಹೇಳುತ್ತದೆ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಪೊಲೀಸರೇ ತಿಳಿಸಬೇಕು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಇದನ್ನೆಲ್ಲ ಅವಳಿಗೆ ಯಾವ ಕೌಂಟರಿನಲ್ಲೂ ಯಾರೂ ಹೇಳಲಿಲ್ಲ. ನಾವೇ ಹುಡುಕಿ ಓದಿಕೊಂಡೆವು. ಓದು ಬರದವರು ಏನು ಮಾಡಬೇಕು?

ಚಿಕಿತ್ಸೆ, ಪೊಲೀಸ್, ವಕೀಲರು, ಆಪ್ತಸಮಾಲೋಚನೆ, ತಂಗಲು ಜಾಗ ಎಲ್ಲವೂ ಒಂದೇ ಸೂರಿನಡಿ ಸಿಗಲಿ ಅಂತಲೇ 2015ರಲ್ಲಿ ಸಖಿ ಕೇಂದ್ರಗಳನ್ನು ಶುರು ಮಾಡಿದ್ದು. ನಾವು ಹೋದ ಕೇಂದ್ರದಲ್ಲಿ ಇದ್ದ ಒಬ್ಬ ಹೆಣ್ಣುಮಗಳು ಪಾಪ ಒಳ್ಳೆಯವಳು. ಕೂರಿಸಿ, ನೀರು ಕೊಟ್ಟು, ಕೇಳಿಸಿಕೊಂಡಳು. ಆದರೆ ಅವಳು ಫೋನ್ ಮಾಡಿದರೆ ಸ್ಟೇಷನ್‌ನಲ್ಲಿ ಯಾರೂ ಎತ್ತಲಿಲ್ಲ. ಇನ್ನು ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿ ಅಂದರೆ ನಮ್ಮಲ್ಲಿ ಸಿಡಿಪಿಓ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ತಾಲ್ಲೂಕಿನ ಅಂಗನವಾಡಿಗಳನ್ನೆಲ್ಲ ನೋಡಿಕೊಂಡು, ಉಳಿದ ಹೊತ್ತಲ್ಲಿ ಇದು. ಅವರ ಮೇಲೆ ನನಗೆ ಸಿಟ್ಟಿಲ್ಲ. ಈ ಕೆಲಸಕ್ಕೇ ಅಂತ ಬೇರೆ ಜನ ಕೊಡದೆ ಕೂತಿದ್ದಾರಲ್ಲ, ಅವರ ಮೇಲೆ ಸಿಟ್ಟು.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ (ಪೋಕ್ಸೋ) ಕೇಸುಗಳಲ್ಲಿ ತನಿಖೆ, ವಿಚಾರಣೆ ಮುಗಿಯುವ ತನಕ ಜೊತೆಗಿರಲು ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಡೋಕೆ 2020ರ ನಿಯಮಗಳಲ್ಲಿ ಅವಕಾಶ ಇದೆ. ಹದಿನೆಂಟು ದಾಟಿದವರಿಗೆ ಯಾಕೆ ಬೇಡ? ಎಫ್‌ಐಆರ್ ಪ್ರತಿ ಕೊಡುವಾಗಲೇ ಅದರ ಮೇಲೆ ಒಬ್ಬರ ಹೆಸರು, ನಂಬರ್ ಬರೆದು ಕೊಡಿ. ಆಸ್ಪತ್ರೆಯಿಂದ ಸರ್ಟಿಫಿಕೇಟ್ ತರಿಸುವುದು, ಪ್ರಾಧಿಕಾರಕ್ಕೆ ಕಳಿಸುವುದು, ಮುಂದಿನ ತಾರೀಕು ತಿಳಿಸುವುದು ಅವರ ಜವಾಬ್ದಾರಿ ಆಗಲಿ. ಸರ್ಕಾರದ ಕಾಗದ ಸರ್ಕಾರದ ಒಂದು ಆಫೀಸಿಂದ ಇನ್ನೊಂದಕ್ಕೆ ಹೋಗೋಕೆ ಮುರಿದ ಕೈಯವಳು ಯಾಕೆ ಬೇಕು?

ಅವಳು ಗಾರ್ಮೆಂಟ್ಸ್‌ನಲ್ಲಿ ದುಡಿಯೋಳು. ಕೈ ಸರಿಹೋಗುವ ತನಕ ಸಂಬಳ ಇಲ್ಲ, ಬಸ್ಸು, ಆಟೋ, ಜೆರಾಕ್ಸ್ ಖರ್ಚು ಬೇರೆ. ಮುಂದಿನ ವಾರ ಮತ್ತೆ ಬರೋಕೆ ಹೇಳಿದ್ದಾರೆ. ಆಧಾರ್, ಪಾಸ್‌ಬುಕ್ ಪ್ರತಿ ಇನ್ನೊಂದು ಸೆಟ್ ಬೇಕಂತೆ. ಹೋದ ಸಲ ಸಹಿ ಹಾಕಿ ಕೊಟ್ಟದ್ದು ಎಲ್ಲಿ ಹೋಯಿತು?