ಲೆಕ್ಕದಿಂದ ಕೈಬಿಟ್ಟ ಆರು ಮಂದಿ

ಔಷಧವೊಂದು ಶೇಕಡಾ ಇಂತಿಷ್ಟು ಜನರಲ್ಲಿ ಫಲ ಕೊಟ್ಟಿತು ಎಂಬ ಸುದ್ದಿ ಬಂದಾಗ, ಅಧ್ಯಯನಕ್ಕೆ ಸೇರಿಸಿಕೊಂಡವರೆಲ್ಲರೂ ಕೊನೆಯ ಲೆಕ್ಕದಲ್ಲಿ ಇದ್ದಾರೆಯೇ ಎಂದು ಮೊದಲು ನೋಡಬೇಕು. ಇದಕ್ಕೆ ಸಂಖ್ಯಾಶಾಸ್ತ್ರದ ಪದವಿ ಬೇಕಿಲ್ಲ, ಕೂಡಿಸಿ ಕಳೆಯಲು ಬಂದರೆ ಸಾಕು. 2020ರ ಮಾರ್ಚ್‌ನಲ್ಲಿ ಫ್ರಾನ್ಸಿನ ಮಾರ್ಸೇ ನಗರದ ವೈದ್ಯ-ಸಂಶೋಧಕ ದಿದಿಯೇ ರೌಲ್ಟ್ ಮತ್ತು ಸಂಗಡಿಗರು ಪ್ರಕಟಿಸಿದ, ಮಲೇರಿಯಾಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ಕೋವಿಡ್ ರೋಗಿಗಳಿಗೆ ಕೊಟ್ಟು ನೋಡಿದ ಅಧ್ಯಯನವನ್ನು ಹೀಗೆ ಓದಿದವರು ಆಗ ಬಹಳ ಕಡಿಮೆ.

ಆರನೆಯ ದಿನದ ಹೊತ್ತಿಗೆ ಮಾತ್ರೆ ಪಡೆದ 20 ಮಂದಿಯಲ್ಲಿ 14 ಮಂದಿಯ, ಅಂದರೆ ಶೇ. 70ರಷ್ಟು ಜನರ ಮೂಗಿನ ದ್ರವದಲ್ಲಿ ವೈರಸ್ ಕಾಣಲಿಲ್ಲ. ಮಾತ್ರೆ ಪಡೆಯದ 16 ಮಂದಿಯಲ್ಲಿ ಆ ಪ್ರಮಾಣ ಶೇ. 12.5 ಮಾತ್ರ ಎಂದು ಪ್ರಬಂಧ ಹೇಳಿತು. ಆದರೆ ಮಾತ್ರೆಯ ಗುಂಪಿಗೆ ಸೇರಿಸಿಕೊಂಡಿದ್ದು 26 ಮಂದಿಯನ್ನು. ಉಳಿದ ಆರರಲ್ಲಿ ಮೂವರನ್ನು ತೀವ್ರ ನಿಗಾ ಘಟಕಕ್ಕೆ ಸಾಗಿಸಲಾಗಿತ್ತು, ಒಬ್ಬರು ತೀರಿಕೊಂಡಿದ್ದರು, ಒಬ್ಬರು ಆಸ್ಪತ್ರೆ ಬಿಟ್ಟು ಹೋಗಿದ್ದರು, ಇನ್ನೊಬ್ಬರು ವಾಕರಿಕೆ ತಾಳದೆ ಮಾತ್ರೆ ನಿಲ್ಲಿಸಿದ್ದರು. ಇವರನ್ನೂ ಸೇರಿಸಿ, ಯಾರಿಗೂ ಫಲ ಸಿಗಲಿಲ್ಲವೆಂದು ಎಣಿಸಿದರೆ ಶೇ. 70 ಹೋಗಿ ಶೇ. 54ಕ್ಕೆ ಇಳಿಯುತ್ತದೆ. ವಿಶೇಷವೆಂದರೆ, ಮೂರನೆಯ ದಿನ ತೀರಿಕೊಂಡ ರೋಗಿಯ ಪಿಸಿಆರ್ (ವೈರಸ್ ಪತ್ತೆಹಚ್ಚುವ) ಪರೀಕ್ಷೆ ಹಿಂದಿನ ದಿನ ನೆಗೆಟಿವ್ ಬಂದಿತ್ತು. ಈ ಅಧ್ಯಯನದ ಅಳತೆಗೋಲಿನಲ್ಲಿ ಅದು ಯಶಸ್ಸೇ! ಇದಾವುದನ್ನೂ ಲೇಖಕರು ಮುಚ್ಚಿಟ್ಟಿರಲಿಲ್ಲ, ಎಲ್ಲವೂ ಪ್ರಬಂಧದಲ್ಲೇ ಅಚ್ಚಾಗಿತ್ತು.

ಶೇ. 54 ಕೂಡ ಶೇ. 12.5ಕ್ಕಿಂತ ಹೆಚ್ಚಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಗುಂಪುಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಮಾಡಿರಲಿಲ್ಲ. ಮಾತ್ರೆ ಬೇಡವೆಂದವರು ಮತ್ತು ಬೇರೆ ಆಸ್ಪತ್ರೆಗಳ ರೋಗಿಗಳು ಹೋಲಿಕೆಯ ಗುಂಪಿನಲ್ಲಿದ್ದರು; ಅವರಲ್ಲಿ ಕೆಲವರಿಗೆ ಆರನೆಯ ದಿನ ಪರೀಕ್ಷೆಯನ್ನೇ ಮಾಡಿರಲಿಲ್ಲ. ಹೀಗಿರುವಾಗ ವ್ಯತ್ಯಾಸ ಮಾತ್ರೆಯಿಂದ ಬಂದದ್ದೋ, ರೋಗಿಗಳೇ ಬೇರೆ ಬಗೆಯವರಾಗಿದ್ದರಿಂದ ಬಂದದ್ದೋ ಎಂದು ಹೇಳುವುದು ಹೇಗೆ?

ಅದೇ ಮಾರ್ಚ್ ತಿಂಗಳಲ್ಲಿ ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್), ಕೋವಿಡ್ ರೋಗಿಗಳ ಆರೈಕೆಯಲ್ಲಿದ್ದ ಆರೋಗ್ಯ ಸಿಬ್ಬಂದಿಗೆ ಮುನ್ನೆಚ್ಚರಿಕೆಯಾಗಿ ಇದೇ ಮಾತ್ರೆಯನ್ನು ಸೂಚಿಸಿತು. ಸೋಂಕು ತಡೆಯುವ ಪ್ರಶ್ನೆಯನ್ನು ಮಾರ್ಸೇ ಅಧ್ಯಯನ ಕೇಳಿಯೇ ಇರಲಿಲ್ಲ ಎಂಬುದು ಬೇರೆ ಮಾತು. ಅಂಗಡಿಗಳಲ್ಲಿ ಜನ ಮುಗಿಬಿದ್ದು ಕೊಂಡಾಗ, ಲೂಪಸ್ (ದೇಹದ ರೋಗನಿರೋಧಕ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ) ಮತ್ತು ಸಂಧಿವಾತಕ್ಕೆ ಅದನ್ನೇ ನಂಬಿಕೊಂಡಿದ್ದ ರೋಗಿಗಳು ಪರದಾಡಿದರು.

ಜೂನ್ ವೇಳೆಗೆ ಬ್ರಿಟನ್ನಿನ ‘ರಿಕವರಿ’ ಎಂಬ ಕೋವಿಡ್ ಚಿಕಿತ್ಸಾ ಪ್ರಯೋಗ ಉತ್ತರ ಕೊಟ್ಟಿತು. ಅದರ ಅಂತಿಮ ವರದಿಯ ಪ್ರಕಾರ, ಯಾದೃಚ್ಛಿಕವಾಗಿ ವಿಂಗಡಿಸಿದ ರೋಗಿಗಳಲ್ಲಿ ಮಾತ್ರೆ ಪಡೆದವರು 1,561, ಎಂದಿನ ಚಿಕಿತ್ಸೆ ಪಡೆದವರು 3,155. 28 ದಿನಗಳೊಳಗೆ ತೀರಿಕೊಂಡವರು ಕ್ರಮವಾಗಿ ಶೇ. 27 ಮತ್ತು ಶೇ. 25. ಇಷ್ಟು ಸಣ್ಣ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದಾದ್ದರಿಂದ ಮಾತ್ರೆ ಕೊಂದಿತು ಎಂದೂ ಹೇಳಲಾಗದು, ಆದರೆ ಅದು ಜೀವ ಉಳಿಸಲಿಲ್ಲ ಎಂಬುದು ಖಚಿತವಾಯಿತು.

ಸಲ್ಲಿಸಿದ ಮರುದಿನವೇ ಒಪ್ಪಿಗೆ ಪಡೆದಿದ್ದ ಮಾರ್ಸೇ ಪ್ರಬಂಧವನ್ನು ನಿಯತಕಾಲಿಕ ಹಿಂದಕ್ಕೆ ಪಡೆದದ್ದು 2024ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಅದರ ಲೇಖಕರಲ್ಲೇ ಮೂವರು, ಅಧ್ಯಯನದ ವಿಧಾನದ ಬಗ್ಗೆ ತಮಗೂ ಆಕ್ಷೇಪವಿದೆ ಎಂದು ತಿಳಿಸಿದ್ದರು.