ಹೇಳಿಬಿಟ್ಟಿದ್ದೇ ಒಳ್ಳೆಯದಾಯಿತು

ನಮ್ಮಲ್ಲಿ ದೊಡ್ಡ ಕಲಾವಿದರು ಆಸ್ಪತ್ರೆ ಸೇರಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಮೊದಲು ‘ಮಾಮೂಲಿ ತಪಾಸಣೆ’ ಅನ್ನುತ್ತಾರೆ. ಆಮೇಲೆ ‘ಆರಾಮಾಗಿದ್ದಾರೆ, ವದಂತಿ ನಂಬಬೇಡಿ’ ಅಂತ ಒಂದು ಹೇಳಿಕೆ. ದೇವಸ್ಥಾನಗಳಲ್ಲಿ ಪೂಜೆ, ಉರುಳುಸೇವೆ, ಟಿವಿಯಲ್ಲಿ ಆಸ್ಪತ್ರೆಯ ಗೇಟು. ಒಂದು ದಿನ ಸುದ್ದಿ ಬಂದಾಗ ಅಭಿಮಾನಿ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ. ‘ನಿನ್ನೆವರೆಗೂ ಚೆನ್ನಾಗೇ ಇದ್ದಾರೆ ಅಂದ್ರಲ್ಲ!’

2016ರ ಮೇ 24ರಂದು ಕೆನಡಾದಲ್ಲಿ ನಡೆದದ್ದೇ ಬೇರೆ. ‘ದಿ ಟ್ರಾಜಿಕಲಿ ಹಿಪ್’ ಅಂತ ಒಂದು ರಾಕ್ ಬ್ಯಾಂಡ್. ಹಾಡುಗಾರ ಗೋರ್ಡ್ ಡೌನಿ. ನಮ್ಮವರಲ್ಲಿ ಈ ಹೆಸರು ಕೇಳಿದವರು ಕಡಿಮೆ. ಪಕ್ಕದ ಅಮೆರಿಕದಲ್ಲೇ ಅಷ್ಟಾಗಿ ಗೊತ್ತಿರಲಿಲ್ಲ. ಕೆನಡಾದವರಿಗೆ ಮಾತ್ರ ಆತ ಮನೆಮಗ. ಅವರ ಸಣ್ಣ ಊರು, ಅವರ ಹಾಕಿ ಆಟಗಾರ, ತಪ್ಪು ತೀರ್ಪಿನಿಂದ ಜೈಲಲ್ಲಿ ಕೊಳೆತ ಅವರ ಹುಡುಗ, ಎಲ್ಲ ಆತನ ಹಾಡಲ್ಲಿ ಬಂದಿವೆ.

ಆವತ್ತು ಬ್ಯಾಂಡ್ ತಾನಾಗಿಯೇ ಹೇಳಿತು: ಡೌನಿಗೆ ಮೆದುಳಿನ ಕ್ಯಾನ್ಸರ್, ವಾಸಿಯಾಗುವುದಿಲ್ಲ. ಟೊರೊಂಟೊದ ಸನ್ನಿಬ್ರೂಕ್ ಆಸ್ಪತ್ರೆಯ ವೈದ್ಯರೇ ಪತ್ರಿಕಾಗೋಷ್ಠಿ ಮಾಡಿ ವಿವರಿಸಿದರು. ಕಾಯಿಲೆಯ ಹೆಸರು ಗ್ಲಿಯೋಬ್ಲಾಸ್ಟೋಮಾ. ಆಪರೇಷನ್, ರೇಡಿಯೇಷನ್, ಕೀಮೋ ಎಲ್ಲ ಆದರೂ ಹೆಚ್ಚಿನವರು ಒಂದೆರಡು ವರ್ಷಕ್ಕಿಂತ ಜಾಸ್ತಿ ಬದುಕುವುದಿಲ್ಲ. ಅದೇ ಉಸಿರಲ್ಲಿ ಇನ್ನೊಂದು ಸುದ್ದಿ: ಆತ ಇನ್ನೊಂದು ಸಲ ದೇಶ ಸುತ್ತಿ ಹಾಡುತ್ತಾನೆ.

ನಾನು ಆಗ ಟೊರೊಂಟೊದಲ್ಲಿ ಹೊಸಬ. ನನ್ನ ಪಕ್ಕದ ಸೀಟಿನ ಸಹೋದ್ಯೋಗಿ ಕಾಲೇಜು ದಿನಗಳಿಂದ ಈ ಬ್ಯಾಂಡಿನ ಹುಚ್ಚ. ಅಳಲಿಲ್ಲ, ದೇವರಿಗೆ ಹರಕೆಯನ್ನೂ ಹೊರಲಿಲ್ಲ. ಟಿಕೆಟ್ ಬಿಡುವ ದಿನ ಕಂಪ್ಯೂಟರ್ ಮುಂದೆ ಕೂತು ಗುಂಡಿ ಒತ್ತುತ್ತಲೇ ಇದ್ದ. ನಿಮಿಷಗಳಲ್ಲಿ ಎಲ್ಲ ಖಾಲಿ. ಸ್ವಲ್ಪ ಹೊತ್ತಿಗೆ ಅವೇ ಟಿಕೆಟ್ ಬೇರೆ ಕಡೆ ಹಲವು ಪಟ್ಟು ಬೆಲೆಗೆ! ನಮ್ಮ ಬ್ಲ್ಯಾಕ್ ಟಿಕೆಟ್‌ನವರು ಥಿಯೇಟರ್ ಮುಂದೆ ನಿಂತು ಪಿಸುಗುಟ್ಟುತ್ತಿದ್ದರು, ಇಲ್ಲಿ ಆ ಕೆಲಸ ಸಾಫ್ಟ್‌ವೇರ್ ಮಾಡಿತ್ತು. ಸಾಯುವವನ ಹೆಸರಲ್ಲೂ ದುಡ್ಡು ಮಾಡ್ತೀರಾ ಅಂತ ಅಭಿಮಾನಿಗಳು ಕೆರಳಿದರು. ಆ ಗಲಾಟೆ ಎಷ್ಟು ದೊಡ್ಡದಾಯಿತು ಅಂದರೆ, 2017ರಲ್ಲಿ ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಸರ್ಕಾರ, ಹೀಗೆ ಟಿಕೆಟ್ ಬಾಚಿಕೊಳ್ಳುವ ಸಾಫ್ಟ್‌ವೇರ್‌ಗಳನ್ನೇ (ಟಿಕೆಟ್ ಬಾಟ್) ನಿಷೇಧಿಸಿ ಕಾನೂನು ತಂತು.

ಕೊನೆಯ ಕಾರ್ಯಕ್ರಮ ಆಗಸ್ಟ್ 20ರಂದು, ಬ್ಯಾಂಡ್ ಹುಟ್ಟಿದ ಕಿಂಗ್‌ಸ್ಟನ್ ಊರಲ್ಲೇ. ರಿಯೋ ಒಲಿಂಪಿಕ್ಸ್ ನಡೆಯುತ್ತಿದ್ದರೂ ಅಲ್ಲಿನ ಸಾರ್ವಜನಿಕ ಟಿವಿ ಸಿಬಿಸಿ ಅದನ್ನು ಪಕ್ಕಕ್ಕಿಟ್ಟು, ಒಂದೂ ಜಾಹೀರಾತಿಲ್ಲದೆ ನೇರ ಪ್ರಸಾರ ಮಾಡಿತು. 1 ಕೋಟಿ 17 ಲಕ್ಷ ಜನ ನೋಡಿದರು. ಹೆಚ್ಚುಕಡಿಮೆ ದೇಶದ ಮೂರನೇ ಒಂದು ಪಾಲು. ಪಾರ್ಕು, ಚೌಕಗಳಲ್ಲೆಲ್ಲ ಪರದೆ ಕಟ್ಟಿದ್ದರು. ಡೌನಿ ಮಿರಮಿರ ಹೊಳೆಯುವ ಸೂಟು, ಗರಿ ಸಿಕ್ಕಿಸಿದ ಟೋಪಿ ಹಾಕಿಕೊಂಡು ಬಂದ. ತಾನೇ ಬರೆದ ಸಾಲು ಮರೆತುಹೋಗುತ್ತಿದ್ದರಿಂದ ವೇದಿಕೆಯಲ್ಲಿ ಸಾಲು ತೋರಿಸುವ ಪರದೆ ಇಟ್ಟಿದ್ದರು. ಒಂದು ಹಾಡಿನ ಕೊನೆಯಲ್ಲಿ ಕಿರುಚಿದ, ಅತ್ತ. ಜನ ಹಾಡುತ್ತಲೇ ಇದ್ದರು.

ಇದು ತಮಾಷೆ ನೋಡಿದ ಹಾಗಲ್ವಾ, ಕಾಯಿಲೆ ಮನುಷ್ಯನನ್ನ ಕುಣಿಸಿ ಚಪ್ಪಾಳೆ ಹೊಡೆಯೋದಾ ಅಂತ ನನ್ನ ಗೆಳೆಯರೊಬ್ಬರು ಕೇಳಿದ್ದರು. ನಾನು ಒಪ್ಪುವುದಿಲ್ಲ. ಕುಣಿಸಿದವರು ಯಾರು? ಆತನೇ ಬಂದದ್ದು. ಎಲ್ಲ ಗೊತ್ತಿದ್ದ ಜನ ಎದುರಿಗಿದ್ದರು. ‘ಬೇಗ ಗುಣವಾಗಿ ಬಾ’ ಅನ್ನುವ ಸುಳ್ಳು ಯಾರೂ ಹೇಳಬೇಕಿರಲಿಲ್ಲ. ನಾವು ಕಾಯಿಲೆ ಮುಚ್ಚಿಡುವುದು ಅಭಿಮಾನಿಗೆ ನೋವಾಗಬಾರದು ಅಂತ, ಸರಿ. ಆದರೆ ಮಲಗಿರುವವರ ಬಾಯನ್ನೂ ಅದರ ಜೊತೆಗೇ ಮುಚ್ಚಿರುತ್ತೇವೆ.

ಡೌನಿಗೆ ಹೇಳುವುದಿತ್ತು. ಆಗಿನ ಪ್ರಧಾನಿ ಟ್ರೂಡೊ ಅಲ್ಲೇ ಜನರ ನಡುವೆ ನಿಂತಿದ್ದರು. ಆತ ಹಾಡು ನಿಲ್ಲಿಸಿ, ಉತ್ತರದ ಮೂಲನಿವಾಸಿಗಳ ಮಾತೆತ್ತಿದ. ಅವರನ್ನು ಕಂಡೂ ಕಾಣದ ಹಾಗೆ ಇರುವುದನ್ನೇ ನಮಗೆ ಜೀವನವಿಡೀ ಕಲಿಸಿದ್ದಾರೆ, ಅಲ್ಲಿನ ಸ್ಥಿತಿ ಸರಿಯಾಗಬೇಕು ಅಂದ. ಅಕ್ಟೋಬರ್‌ನಲ್ಲಿ ಚಾನಿ ವೆಂಜಾಕ್ ಬಗ್ಗೆ ಇಡೀ ಆಲ್ಬಂ ತಂದ. 1966ರಲ್ಲಿ, ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರ ತಂದು ಇಡುತ್ತಿದ್ದ ವಸತಿ ಶಾಲೆಯಿಂದ ತಪ್ಪಿಸಿಕೊಂಡು, ನೂರಾರು ಕಿಲೋಮೀಟರ್ ದೂರದ ಮನೆಗೆ ಅಂತ ರೈಲು ಹಳಿ ಹಿಡಿದು ನಡೆದು, ಚಳಿಗೆ ಸತ್ತ 12 ವರ್ಷದ ಹುಡುಗ. ಆ ಸಮಯದ ಟಿವಿ ಸಂದರ್ಶನಕ್ಕೆ ಡೌನಿ, ಎದುರು ಕೂತವರ ಹೆಸರನ್ನು ಕೈ ಮೇಲೆ ಬರೆದುಕೊಂಡು ಬಂದಿದ್ದ. ಮರೆತುಹೋಗುತ್ತದೆ ಅಂತ.

2017ರ ಅಕ್ಟೋಬರ್ 17ರಂದು ತೀರಿಕೊಂಡ. ಟ್ರೂಡೊ ಕ್ಯಾಮೆರಾ ಮುಂದೆಯೇ ಅತ್ತರು.

ಆ ಅಭಿಮಾನಿಗಳ ಮೇಲೆ ನನಗೆ ಒಂದೇ ತಕರಾರು. ಪ್ರತಿ ಆಗಸ್ಟ್‌ನಲ್ಲಿ ನನ್ನ ಫೇಸ್‌ಬುಕ್ ಗೋಡೆ ತುಂಬ ಆ ರಾತ್ರಿಯ ಹಾಡುಗಳು. ನಡುವೆ ನಿಲ್ಲಿಸಿ ಆಡಿದ ಆ ಮಾತಿನ ವೀಡಿಯೊ ಹಾಕುವವರು ಮಾತ್ರ ಅಪರೂಪ.