ತಡಬೆ ದಾಟಿದರೆ ಕಿಂಡರ್

ಹೋದ ವರ್ಷ ಮೇ ತಿಂಗಳಲ್ಲಿ ಅಪ್ಪಯ್ಯ ನಮ್ಮಲ್ಲಿಗೆ ಬಂದಿದ್ದರು. ನಾವಿರುವುದು ಮ್ಯಾಂಚೆಸ್ಟರಿನ ಪಕ್ಕ, ಸ್ಟಾಕ್‌ಪೋರ್ಟಿನಲ್ಲಿ. ಹುಟ್ಟೂರು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆಯ ಹತ್ತಿರ. ಪೇಟೆ, ಮ್ಯೂಸಿಯಂ ಎಲ್ಲ ತೋರಿಸಿದೆ. ಅವರಿಗೆ ಯಾವುದೂ ಅಷ್ಟಾಗಿ ಹಿಡಿಸಲಿಲ್ಲ. "ನೀ ಶನಿವಾರ ಶನಿವಾರ ಹೋಗ್ತೀಯಲ್ಲ, ಆ ಗುಡ್ಡ ತೋರಿಸು" ಅಂದರು. ಬಸ್ಸು ಹಿಡಿದು ಹೇಫೀಲ್ಡ್ ಎಂಬ ಹಳ್ಳಿಗೆ ಹೋದೆವು. ಕಿಂಡರ್ ಸ್ಕೌಟ್ ಗುಡ್ಡಕ್ಕೆ ಅಲ್ಲಿಂದಲೂ ಹತ್ತಬಹುದು.

ಹಳ್ಳಿ ಕಳೆದು ಕುರಿ ಮೇಯುವ ಹೊಲಗಳಿಗೆ ಬಂದಾಗ ದಾರಿಗೆ ಅಡ್ಡ ಒಂದು ಕಲ್ಲಿನ ಗೋಡೆ. ಗೋಡೆಗೆ ಎರಡು ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಕಂಬ. ಜನ ದಾಟಬಹುದು, ಕುರಿ ದಾಟಲಾರವು. ಅಪ್ಪಯ್ಯ ನಿಂತು ನೋಡಿದರು. "ಇದು ನಮ್ಮ ತಡಬೆ ಅಲ್ವಾ!" ಅಂದರು. ಹತ್ತು ವರ್ಷದಿಂದ ಇಂಥವನ್ನು ದಾಟುತ್ತಿದ್ದೇನೆ. ಇಲ್ಲಿಯವರ ಬಾಯಲ್ಲಿ ಇದು ಸ್ಟೈಲ್. ನಾನೂ ಹಾಗೇ ಕರೆಯುತ್ತಿದ್ದೆ. ನಮ್ಮ ತೋಟದ ಬೇಲಿಯ ತಡಬೆ ಒಂದು ಸಲವೂ ನೆನಪಾಗಿರಲಿಲ್ಲ. ಸ್ವಲ್ಪ ಮುಂದೆ ಗೇಟು ಬಂತು. ಅಪ್ಪಯ್ಯ ದಾಟಿ, ತಿರುಗಿ ನಿಂತು ಚಿಲಕ ಹಾಕಿ, ಒಮ್ಮೆ ಎಳೆದು ನೋಡಿ ಮುಂದೆ ಬಂದರು. ಯಾರೂ ಹೇಳಿಕೊಟ್ಟಿರಲಿಲ್ಲ. ಉಣುಗೋಲು ಹಾಕದೆ ಬಂದರೆ ದನ ಗದ್ದೆಗೆ ನುಗ್ಗುತ್ತವೆ ಅಂತ ಚಿಕ್ಕಂದಿನಿಂದ ಬಲ್ಲವರು ಅವರು.

ಅವತ್ತಿನಿಂದ ಒಂದು ಮಾತು ಮನಸ್ಸಿನಲ್ಲಿ ಕೂತಿದೆ. ಗುಡ್ಡದ ದಾರಿ ಅಲ್ಲೂ ಇಲ್ಲೂ ಹುಟ್ಟಿದ್ದು ಒಂದೇ ಥರ. ಕುರಿ-ದನದ ಹಿಂದೆ, ಸಂತೆಗೆ, ನೆಂಟರ ಮನೆಗೆ ನಡೆದ ಕಾಲುಗಳಿಂದ. ಇಲ್ಲಿಯವರು ಅದಕ್ಕಾಗಿ ಜಗಳ ಮಾಡಿದರು, ಆಮೇಲೆ ಕೂತು ಬರೆದಿಟ್ಟರು. ನಾವು ಎರಡನ್ನೂ ಮಾಡಲಿಲ್ಲ.

ಹೇಫೀಲ್ಡ್‌ನಿಂದ ಗುಡ್ಡದ ಕಡೆ ಹೊರಟರೆ ಬೌಡನ್ ಬ್ರಿಜ್ ಎಂಬಲ್ಲಿ ಒಂದು ಹಳೇ ಕಲ್ಲುಕ್ವಾರಿ ಇದೆ. ಅದರ ಬಂಡೆಯ ಮೇಲೆ ಒಂದು ಫಲಕ. 1932ರ ಏಪ್ರಿಲ್ 24, ಭಾನುವಾರ, ಇಲ್ಲಿಂದ ನೂರಾರು ಜನ ಕಿಂಡರ್ ಕಡೆ ಹೊರಟರು. ಹೆಚ್ಚಿನವರು ಮ್ಯಾಂಚೆಸ್ಟರ್ ಸುತ್ತಿನ ದುಡಿಯುವ ಹುಡುಗ ಹುಡುಗಿಯರು. ವಾರವಿಡೀ ಗಿರಣಿ, ಕಾರ್ಖಾನೆಯ ಹೊಗೆ. ಇರುವ ಒಂದು ರಜೆಯಲ್ಲಿ ಗುಡ್ಡದ ಗಾಳಿ ಬೇಕಿತ್ತು. ಆದರೆ ಗುಡ್ಡವೆಲ್ಲ ಜಮೀನ್ದಾರರದ್ದು. ವರ್ಷದಲ್ಲಿ ಕೆಲವೇ ದಿನ ಗ್ರೌಸ್ ಎಂಬ ಹಕ್ಕಿಯ ಬೇಟೆಗೆ ಬರುವವರಿಗಾಗಿ ಮಿಕ್ಕವರನ್ನೆಲ್ಲ ಹೊರಗಿಟ್ಟಿದ್ದರು. ಕಾವಲುಗಾರರು ದೊಣ್ಣೆ ಹಿಡಿದು ನಿಂತಿದ್ದರು. ತಳ್ಳಾಟ ನಡೆಯಿತು. ಐದು ಜನಕ್ಕೆ ಎರಡರಿಂದ ಆರು ತಿಂಗಳ ಜೈಲಾಯಿತು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ ಬರೀ 20 ವರ್ಷ. ಅವನಿಗೆ ನಾಲ್ಕು ತಿಂಗಳು.

ಅಪ್ಪಯ್ಯನಿಗೆ ಇದನ್ನು ಹೇಳಿದಾಗ ಅವರು ನಂಬಲಿಲ್ಲ. "ಸುಮ್ನೆ ನಡೆದಿದ್ದಕ್ಕೆ ಜೈಲಾ?" ಎರಡು ಸಲ ಕೇಳಿದರು. ಆಮೇಲೆ ಫಲಕದ ಹತ್ತಿರ ಹೋಗಿ ಕೈ ಇಟ್ಟು ಬಂದರು.

ಆ ಒಂದು ದಿನದಿಂದಲೇ ಎಲ್ಲ ಬದಲಾಯಿತು ಅನ್ನುವುದು ಸರಿಯಲ್ಲ. ಕಾಲುದಾರಿಗಳಿಗಾಗಿ ದುಡಿಯುವ ಸಂಘಗಳು ಈ ಭಾಗದಲ್ಲಿ 19ನೇ ಶತಮಾನದಿಂದಲೇ ಇದ್ದವು. ಅಂಥ ಒಂದು ಸಂಘ ನೆಟ್ಟ, ನಂಬರು ಹಾಕಿದ ಹಸಿರು ಲೋಹದ ದಾರಿ ಫಲಕಗಳು ಇಂದೂ ಸಿಗುತ್ತವೆ. ಆದರೆ ಜೈಲು ಎಲ್ಲರ ಮನಸ್ಸಿಗೆ ತಾಕಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನ, ಕಾಲುದಾರಿಗಳ ಕಾಯ್ದೆ ಬಂತು. 1951ರಲ್ಲಿ ಈ ಸೀಮೆಯೇ, ಪೀಕ್ ಡಿಸ್ಟ್ರಿಕ್ಟ್, ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 1965ರಲ್ಲಿ 431 ಕಿ.ಮೀ. ಉದ್ದದ ಪೆನೈನ್ ವೇ ತೆರೆಯಿತು. ಈಡೇಲ್ ಹಳ್ಳಿಯಿಂದ ಹಿಡಿದು ಸ್ಕಾಟ್ಲೆಂಡಿನ ಗಡಿಯಾಚೆವರೆಗೆ ನಡೆದೇ ಹೋಗುವ ದಾರಿ ಅದು. 2000ರ ಕಾಯ್ದೆಯಿಂದ ಬೆಟ್ಟ, ಮೂರ್ ಎಂಬ ಮರವಿಲ್ಲದ ಎತ್ತರದ ಬಯಲು, ಸಾಮೂಹಿಕ ಹುಲ್ಲುಗಾವಲುಗಳಲ್ಲಿ ದಾರಿ ಬಿಟ್ಟೂ ನಡೆಯುವ ಹಕ್ಕು ಸಿಕ್ಕಿತು. ಇಂಗ್ಲೆಂಡಿನ ನೆಲದಲ್ಲಿ ಅದು ಸುಮಾರು 8 ಶೇಕಡ ಮಾತ್ರ, ಜಗಳ ಇನ್ನೂ ಮುಗಿದಿಲ್ಲ. 2002ರಲ್ಲಿ, ನಡಿಗೆಯ 70ನೇ ವರ್ಷದ ನೆನಪಿನ ಸಭೆಯಲ್ಲಿ, ಹಿಂದೆ ಈ ಗುಡ್ಡದ ಒಡೆತನವಿದ್ದ ಮನೆತನದ ಡೆವನ್‌ಶೈರ್ ಡ್ಯೂಕ್ ಎಲ್ಲರೆದುರು ಕ್ಷಮೆ ಕೇಳಿದರು. ನನಗೆ ತುಂಬಾ ಇಷ್ಟವಾಗುವ ಸಂಗತಿ ಇದು.

1949ರ ಕಾಯ್ದೆಯಲ್ಲಿ ಜನ ಅಷ್ಟಾಗಿ ಮಾತಾಡದ ಇನ್ನೊಂದು ಭಾಗವಿದೆ. ಪ್ರತಿ ಜಿಲ್ಲೆಯೂ ತನ್ನ ಕಾಲುದಾರಿಗಳ ಅಧಿಕೃತ ನಕ್ಷೆ ಮಾಡಬೇಕು ಅಂತ ಅದು ಹೇಳಿತು. ಹಳ್ಳಿ ಹಳ್ಳಿಯ ಪಂಚಾಯಿತಿಯವರು ತಮ್ಮ ಸುತ್ತಿನ ದಾರಿಗಳನ್ನು ಗುರುತು ಮಾಡಿ ಕೊಟ್ಟರು. ಇದು ಚರ್ಚಿಗೆ ಹೋಗುವ ದಾರಿ, ಇದು ಗಿರಣಿಗೆ, ಇದು ಹಿಂದೆ ಹೆಣ ಹೊತ್ತು ಹೋಗುತ್ತಿದ್ದ ದಾರಿ, ಹೀಗೆ. ಒಮ್ಮೆ ನಕ್ಷೆಗೆ ಸೇರಿದ ದಾರಿಯನ್ನು ಜಮೀನಿನ ಒಡೆಯ ಸುಮ್ಮನೆ ಮುಚ್ಚುವಂತಿಲ್ಲ. ಇಂಗ್ಲೆಂಡ್, ವೇಲ್ಸ್ ಸೇರಿ ಇಂಥ ಸಾರ್ವಜನಿಕ ದಾರಿಗಳು ಸುಮಾರು 2,25,000 ಕಿ.ಮೀ. ಅಂಗಡಿಯಲ್ಲಿ ಸಿಗುವ ಕಿತ್ತಳೆ ರಟ್ಟಿನ ನಕ್ಷೆಯಲ್ಲಿ ಅವು ಹಸಿರು ತುಂಡುಗೆರೆಗಳಾಗಿ ಇರುತ್ತವೆ. ನಾನು ಮೊದಲ ಸಲ ಆ ನಕ್ಷೆ ಬಿಡಿಸಿದಾಗ ಗೆರೆಗಳ ಸಂಖ್ಯೆ ನೋಡಿಯೇ ಬೆರಗಾದೆ. ಒಂದೊಂದು ಹೊಲದ ಮಧ್ಯದಲ್ಲೂ ದಾರಿ!

ಗುಡ್ಡ ಹೇಗಿದೆ ಅಂತ ಹೇಳದೆ ಮುಂದೆ ಹೋಗಲಾರೆ. ಕಿಂಡರ್ ಎತ್ತರ 636 ಮೀಟರ್, ಹೆಚ್ಚು ಕಡಿಮೆ ನಮ್ಮ ಆಗುಂಬೆ ಊರಿನಷ್ಟೇ. ಆದರೆ ಮೇಲೆ ನಿಂತರೆ ಬೇರೆಯೇ ಲೋಕ. ಶಿಖರವೆಂದು ತೋರಿಸಲು ತುದಿಯಿಲ್ಲ, ಅಗಲವಾದ ಬಯಲು. ಮರವಿಲ್ಲ. ಗಾಳಿಗೆ ತಡೆಯೇ ಇಲ್ಲ. ಅಂಚಿನಲ್ಲಿ ಗಾಳಿ ಕೊರೆದ ಕಪ್ಪು ಬಂಡೆಗಳು. ಕಿಂಡರ್ ಡೌನ್‌ಫಾಲ್ ಎಂಬ 30 ಮೀಟರ್ ಜಲಪಾತದಲ್ಲಿ ಪಶ್ಚಿಮದ ಗಾಳಿ ಬಿರುಸಾದಾಗ ಬೀಳುವ ನೀರು ತಿರುಗಿ ಮೇಲಕ್ಕೆ ಹಾರುತ್ತದೆ. ಚಳಿಗಾಲದಲ್ಲಿ ಬಿಳಿ ಬಣ್ಣಕ್ಕೆ ತಿರುಗುವ ಮೊಲ ಓಡಾಡುತ್ತದೆ. ಆಗಸ್ಟಿನಲ್ಲಿ ಹೆದರ್ ಗಿಡ ಹೂ ಬಿಟ್ಟು ಗುಡ್ಡವೆಲ್ಲ ನೇರಳೆ.

"ಇಷ್ಟು ದೊಡ್ಡ ಗುಡ್ಡ, ಒಂದು ಮರ ಇಲ್ಲ, ಒಂದು ಗುಡಿ ಇಲ್ಲ" ಅಂದರು ಅಪ್ಪಯ್ಯ. ಮಲೆನಾಡಿನವರಿಗೆ ಇದು ಸಂಕಟದ ನೋಟವೇ. ನನಗೂ ಮೊದಲ ವರ್ಷ ಹಾಗೇ ಆಗಿತ್ತು.

ಇದು ಪೂರ್ತಿ ಸಹಜವಾದ ಬೋಳಲ್ಲ. ಹಳೇ ಕಾಲದಲ್ಲೇ ಮರ ಕಡಿದರು, ಆಮೇಲೆ ಕುರಿ ಚಿಗುರಲು ಬಿಡಲಿಲ್ಲ. ಕಾಲಡಿಯಲ್ಲಿ ಇರುವುದು ಪೀಟ್. ಸಾವಿರಾರು ವರ್ಷ ಸ್ಪ್ಯಾಗ್ನಂ ಎಂಬ ಪಾಚಿ ಕೊಳೆಯದೆ ಪದರ ಪದರವಾಗಿ ಕೂತು ಆದ ಕಪ್ಪು ಮಣ್ಣು. ಕೆಲವು ಕಡೆ ಆಳುದ್ದಕ್ಕಿಂತ ಜಾಸ್ತಿ. ವರ್ಷಕ್ಕೆ ಒಂದು ಮಿಲಿಮೀಟರಿನಷ್ಟು ಬೆಳೆದರೆ ಹೆಚ್ಚು. ಮಳೆನೀರನ್ನು ಸ್ಪಂಜಿನ ಹಾಗೆ ಹಿಡಿದು ಮೆಲ್ಲಗೆ ಬಿಡುತ್ತದೆ, ನಮ್ಮ ಶೋಲಾ ಹುಲ್ಲುಗಾವಲು ಮಾಡುವ ಕೆಲಸವೇ. ಮ್ಯಾಂಚೆಸ್ಟರ್, ಶೆಫೀಲ್ಡ್ ಕಡೆಯ ಚಿಮಣಿಗಳ ಹೊಗೆ ಮಳೆಯಲ್ಲಿ ಸೇರಿ ಆ ಪಾಚಿಯನ್ನು ಕೊಂದಿತು. ಪಾಚಿ ಸತ್ತ ಮೇಲೆ ಮಣ್ಣು ಬತ್ತಲಾಯಿತು, ಕೊಚ್ಚಿ ಹೋಯಿತು.

ಇಲ್ಲಿ ನಮಗೂ ಒಂದು ಎಳೆ ಇದೆ. 1860ರ ದಶಕದಲ್ಲಿ ಅಮೆರಿಕದ ಒಳಯುದ್ಧದಿಂದ ಹತ್ತಿ ಬರುವುದು ನಿಂತಾಗ ಈ ಗಿರಣಿಯವರು ಧಾರವಾಡ ಸೀಮೆಯ ಹತ್ತಿಗೆ ಕೈಚಾಚಿದರು. ಅದನ್ನು ಸಾಗಿಸಲು ಕಾರವಾರದ ಬಂದರನ್ನು ಬೆಳೆಸುವ ಯೋಜನೆ ಹಾಕಿದರು. ನಮ್ಮ ಎರೆನೆಲದ ಹತ್ತಿ ನೂತ ಊರಿನ ಹೊಗೆ ಈ ಗುಡ್ಡದ ಮೇಲೆ ಬಿದ್ದಿದೆ. ಗಿರಣಿಗಳನ್ನು ಕೆಡವಿದ ಮೇಲೆ ಅವುಗಳ ನೆಲಕ್ಕೆ ಹಾಸಿದ್ದ ಚಪ್ಪಡಿಗಳನ್ನು ಹೆಲಿಕಾಪ್ಟರಿನಲ್ಲಿ ತಂದು ಪೆನೈನ್ ವೇಗೆ ಹಾಸಿದ್ದಾರೆ. ಕಾಲು ಮಣ್ಣಿಗೆ ತಾಗಬಾರದು, ಮಣ್ಣು ಉಳಿಯಬೇಕು ಅಂತ. ಈಗ ಕೊರಕಲುಗಳಿಗೆ ಸಣ್ಣ ಕಟ್ಟೆ ಕಟ್ಟಿ, ಪಾಚಿಯ ಚಿಕ್ಕ ಚಿಕ್ಕ ಸಸಿಗಳನ್ನು ನೆಡುತ್ತಾರೆ. ನಾನೂ ಒಂದು ಮಾರ್ಚಿನಲ್ಲಿ ಸ್ವಯಂಸೇವಕನಾಗಿ ಹೋಗಿ ನೆಟ್ಟಿದ್ದೇನೆ. ಸಸಿ ನೆಡಲು ಬಗ್ಗಿದಾಗ ಗದ್ದೆ ನೆಟ್ಟಿಯ ಬೆನ್ನುನೋವೇ ಬಂತು. ಅಷ್ಟು ಖುಷಿಯ ನೋವು ಬೇರೆ ನೆನಪಿಲ್ಲ.

ಈ ಗುಡ್ಡ ಸಣ್ಣದು ಅಂತ ಯಾರೂ ಸಲುಗೆ ತೆಗೆದುಕೊಳ್ಳಬಾರದು. ಬಂದ ಎರಡನೇ ವರ್ಷ, ನವೆಂಬರಿನಲ್ಲಿ, ಗೆಳೆಯನ ಜೊತೆ ಬರೀ ಫೋನ್ ನಂಬಿ ಹತ್ತಿದ್ದೆ. ಮೇಲೆ ಹೋದ ಹತ್ತು ನಿಮಿಷಕ್ಕೆ ಮಂಜು ಕವಿಯಿತು. ಫೋನು ಚಳಿಗೆ ಆರಿಹೋಯಿತು. ಆ ತಿಂಗಳಲ್ಲಿ ಸಂಜೆ ನಾಲ್ಕು ಗಂಟೆ ಕಳೆದರೆ ಕತ್ತಲೆ. ಪೀಟಿನ ಕೊರಕಲುಗಳಲ್ಲಿ ಇಳಿದು ಹತ್ತಿ, ಇಳಿದು ಹತ್ತಿ, ಬಂದ ಜಾಗಕ್ಕೇ ಮತ್ತೆ ಬಂದೆವು. ನಾಯಿ ಜೊತೆ ಬಂದ ಒಬ್ಬ ವಯಸ್ಸಾದ ಹೆಂಗಸು ನಮ್ಮನ್ನು ನೋಡಿದರು. ಬೈಯಲಿಲ್ಲ. ಚೀಲದಿಂದ ನಕ್ಷೆ, ದಿಕ್ಸೂಚಿ ತೆಗೆದು ಆ ಮಂಜಿನಲ್ಲೇ ನಿಲ್ಲಿಸಿ ಹೇಗೆ ನೋಡಬೇಕು ಅಂತ ಕಲಿಸಿದರು. ನನ್ನ ಕೈಯಲ್ಲೇ ಹಿಡಿಸಿ, ನನ್ನನ್ನೇ ಮುಂದೆ ಬಿಟ್ಟು, ತಾವು ಹಿಂದೆ ಬಂದರು. ಆಪತ್ತಾದರೆ ನಿಮಿಷಕ್ಕೆ ಆರು ಸಲ ಸೀಟಿ ಊದಬೇಕು ಅಂತ ಹೇಳಿಕೊಟ್ಟವರೂ ಅವರೇ. ಹಾಗೆ ಸಿಕ್ಕಿಬಿದ್ದವರನ್ನು ಹುಡುಕಲು ಬರುವ ಪರ್ವತ ರಕ್ಷಣಾ ತಂಡದವರೂ ಸಂಬಳವಿಲ್ಲದ ಊರಿನ ಜನ. ಮೇಷ್ಟರು, ಪ್ಲಂಬರ್, ನರ್ಸ್, ಯಾರು ಬೇಕಾದರೂ ಇರಬಹುದು. ಬಂದಿದ್ದಕ್ಕೆ ದುಡ್ಡು ಕೇಳುವುದಿಲ್ಲ.

ಇದನ್ನೆಲ್ಲ ನೋಡಿದ ಮೇಲೆ ನಮ್ಮ ಕಡೆಯ ಸುದ್ದಿ ಓದಿದಾಗ ಕಷ್ಟವಾಗುತ್ತದೆ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಾತ್ರೆಯೇ ಸೇರಿತು. ಸರಕಾರ ಚಾರಣ ನಿಲ್ಲಿಸಿ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಅನ್ನುವ ಕ್ರಮ ತಂದಿತು. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ನಮ್ಮ ಕಾಡಿನಲ್ಲಿ ಆನೆ ಇದೆ, ಕಾಟಿ ಇದೆ. ಬೇಸಿಗೆಯಲ್ಲಿ ಒಂದು ಬೀಡಿ ಸಾಕು, ಇಡೀ ಹುಲ್ಲುಗಾವಲು ಹೊತ್ತಿಕೊಳ್ಳುತ್ತದೆ. ಇಲ್ಲೂ 2018ರ ಜೂನಿನಲ್ಲಿ ಸ್ಯಾಡಲ್‌ವರ್ತ್ ಮೂರ್‌ಗೆ ಬೆಂಕಿ ಬಿದ್ದಾಗ ಸೈನಿಕರನ್ನು ಕರೆಸಬೇಕಾಯಿತು. ಇಲ್ಲಿಯ ಹಕ್ಕನ್ನು ಹಾಗೇ ಎತ್ತಿಕೊಂಡು ಹೋಗಿ ಪಶ್ಚಿಮಘಟ್ಟದ ಮೇಲೆ ಇಡಲಾಗದು.

ಆದರೆ ಟಿಕೆಟ್ಟು ತಲೆ ಎಣಿಸುತ್ತದೆ, ಅಷ್ಟೇ. ಆ ತಲೆಗೆ ಗುಡ್ಡದ ಬಗ್ಗೆ ಏನು ಗೊತ್ತಿದೆ ಅಂತ ಕೇಳುವುದಿಲ್ಲ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು, ಫೋಟೋ ತೆಗೆದು, ಮತ್ತೆ ರಾತ್ರಿ ಬಸ್ಸು ಹತ್ತುವವರಿಗೆ ಪಾಸು ಸಿಗುತ್ತದೆ. ಬುಡದ ಹಳ್ಳಿಯ ಹುಡುಗನಿಗೆ ತನ್ನ ಅಜ್ಜ ನಡೆದ ದಾರಿಗೂ ಈಗ ಅದೇ ಪಾಸು. ಇದು ನನಗೆ ಒಪ್ಪಿಗೆಯಾಗುವುದಿಲ್ಲ. ಎಣಿಕೆ ಇರಲಿ. ಅದರ ಜೊತೆ ಗುಡ್ಡದ ಬುಡದ ಶಾಲೆಗಳಲ್ಲಿ ನಕ್ಷೆ ಓದುವುದನ್ನು ಕಲಿಸಲಿ. ದಾರಿ ರಿಪೇರಿಗೆ, ಕಸ ತೆಗೆಯಲು, ಬೆಂಕಿಗೆರೆ ಮಾಡಲು ಚಾರಣಿಗರನ್ನು ಕರೆಯಲಿ. ಬರುವವರು ಇದ್ದಾರೆ, ಕರೆಯುವವರು ಬೇಕು. ಮುಖ್ಯವಾಗಿ, ಹಳೇ ಕಾಲುದಾರಿಗಳನ್ನು ಗ್ರಾಮ ಪಂಚಾಯಿತಿ ಒಂದು ಪುಸ್ತಕದಲ್ಲಿ ಬರೆದಿಡಲಿ. ಗೊತ್ತಿರುವವರು ಇನ್ನೂ ಇದ್ದಾರೆ, ಆದರೆ ಎಲ್ಲರೂ ಎಪ್ಪತ್ತು ದಾಟಿದವರು.

ಅವತ್ತು ಮೇಲೆ ಹತ್ತಿ ಬಂಡೆಯ ಮರೆಯಲ್ಲಿ ಕೂತು ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ತಿಂದೆವು. ಅಪ್ಪಯ್ಯ ಮಾತಾಡದೆ ನಕ್ಷೆ ನೋಡುತ್ತಿದ್ದರು. ಆಮೇಲೆ ತಾವಾಗಿಯೇ ಶುರು ಮಾಡಿದರು. ಅಜ್ಜ ಆಗುಂಬೆ ಕಡೆಯಿಂದ ನರಸಿಂಹ ಪರ್ವತ ದಾಟಿ ಕಿಗ್ಗದ ತೇರಿಗೆ ನಡೆದು ಹೋಗುತ್ತಿದ್ದರಂತೆ. ಒಂದು ಸಲ ಇವರನ್ನೂ ಕರೆದುಕೊಂಡು ಹೋಗಿದ್ದರಂತೆ. ಎಲ್ಲಿ ನೀರು ಸಿಗುತ್ತದೆ, ಎಲ್ಲಿ ಬುತ್ತಿ ಬಿಚ್ಚುತ್ತಿದ್ದರು, ಯಾವ ಹಳ್ಳ ಮಳೆಗಾಲದಲ್ಲಿ ದಾಟಲಾಗದು, ಎಲ್ಲ ಒಂದೊಂದಾಗಿ ಹೇಳಿದರು. ನನ್ನ ಹತ್ತಿರ ಬರೆಯಲು ಪೆನ್ಸಿಲ್ ಮಾತ್ರ ಇತ್ತು. ಕಿಂಡರ್ ನಕ್ಷೆಯ ಹಿಂದಿನ ಖಾಲಿ ಜಾಗದಲ್ಲೇ ಗೆರೆ ಹಾಕಿ, ಅವರು ಹೇಳಿದ ಹೆಸರುಗಳನ್ನು ಬರೆದುಕೊಂಡೆ. ಒಂದು ಹಳ್ಳದ ಹೆಸರು ಮಾತ್ರ ಅವರಿಗೆ ನೆನಪಾಗಲಿಲ್ಲ. "ಚಿಕ್ಕಪ್ಪನಿಗೆ ಗೊತ್ತಿರ್ತದೆ, ಡಿಸೆಂಬರಲ್ಲಿ ಬಂದಾಗ ಕೇಳು, ತಡ ಮಾಡ್ಬೇಡ" ಅಂದರು.